ಪಿಜಿ ಸೀಟು ಆಯ್ಕೆ: ಕಾಲೇಜಿನ ಹೆಸರಿಗಿಂತ ಮೊದಲು ಕ್ಯಾಜುವಾಲ್ಟಿಯನ್ನು ನೋಡಿ

ದುಮ್ಮವಾಡ (ಕಲಘಟಗಿ ತಾ.): ಮುಂಗಾರು ಹಿಡಿಯಿತೆಂದರೆ ಕಲಘಟಗಿ ಸೀಮೆಯ ಹೊಲಗದ್ದೆಗಳಲ್ಲಿ ಹಾವಿನ ಭಯವೂ ಹಿಡಿಯುತ್ತದೆ. ಅರೆಮಲೆನಾಡಿನ ಈ ಭಾಗದಲ್ಲಿ ಭತ್ತ, ಗೋವಿನಜೋಳ, ಸೋಯಾ, ಹತ್ತಿ ಬೆಳೆಯುವ ರೈತನಿಗೆ ಕತ್ತಲಲ್ಲಿ ಹೊಲದ ಬದುವಿನ ಮೇಲೆ ಓಡಾಡುವುದು ತಪ್ಪಿದ್ದಲ್ಲ. ದುಮ್ಮವಾಡದಂಥ ಊರಿನಲ್ಲಿ ನಡುರಾತ್ರಿ ಒಬ್ಬನಿಗೆ ಹಾವು ಕಚ್ಚಿದರೆ ಅವನ ಪಯಣದ ದಾರಿ ಬಹುಮಟ್ಟಿಗೆ ಮೊದಲೇ ನಿಗದಿಯಾಗಿದೆ. ಹತ್ತಿರದ ಆರೋಗ್ಯ ಕೇಂದ್ರ, ಅಲ್ಲಿಂದ ಕಲಘಟಗಿಯ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 52ರ ಮೇಲೆ ಸುಮಾರು ಮೂವತ್ತು ಕಿಲೋಮೀಟರು ದೂರದ ಹುಬ್ಬಳ್ಳಿ. ಹುಬ್ಬಳ್ಳಿಯಲ್ಲಿ ಅವನನ್ನು ಇಳಿಸುವುದು ವಿದ್ಯಾನಗರದ ದೊಡ್ಡ ದವಾಖಾನೆಯ ಬಾಗಿಲಲ್ಲಿ. 1957ರಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜಾಗಿ ಆರಂಭವಾದ ಈ ಸಂಸ್ಥೆ ನಡುವೆ ಕಿಮ್ಸ್ ಆಗಿ, ಈಗ ಕರ್ನಾಟಕ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಸಂಸ್ಥೆ ಎಂಬ ಹೆಸರು ಪಡೆದಿದ್ದರೂ ಹಳ್ಳಿಯ ಹಿರಿಯರ ಬಾಯಲ್ಲಿ ಅದು ಇಂದಿಗೂ 'ಕೆಎಂಸಿ'ಯೇ.

ಆ ಬಾಗಿಲಲ್ಲಿ ರೋಗಿಯನ್ನು ಮೊದಲು ಮುಟ್ಟಿ ನೋಡುವವರು ಯಾರು? ಪ್ರಾಧ್ಯಾಪಕರಲ್ಲ, ವಿಭಾಗದ ಮುಖ್ಯಸ್ಥರಲ್ಲ. ದೇಶದ ಯಾವುದೇ ಬೋಧನಾ ಆಸ್ಪತ್ರೆಯಲ್ಲಿ ರಾತ್ರಿ ಎರಡು ಗಂಟೆಗೆ ಎದುರಾಗುವವರು ಬಹುತೇಕ ಇಪ್ಪತ್ತೈದರಿಂದ ಮೂವತ್ತರೊಳಗಿನ ಸ್ನಾತಕೋತ್ತರ ವಿದ್ಯಾರ್ಥಿ, ಅರ್ಥಾತ್ ಪಿಜಿ ವೈದ್ಯ. ಆತ ಅಥವಾ ಆಕೆ ಆ ರಾತ್ರಿ ಅಲ್ಲಿರಲು ಕಾರಣ, ಕೆಲವು ತಿಂಗಳ ಹಿಂದೆ ಎಲ್ಲಿಯೋ ಕುಳಿತು ಗಣಕಯಂತ್ರದ ಪರದೆಯ ಮೇಲೆ ದಾಖಲಿಸಿದ ಕಾಲೇಜುಗಳ ಆದ್ಯತಾ ಪಟ್ಟಿ. ಆ ಪಟ್ಟಿಯನ್ನು ಸಿದ್ಧಪಡಿಸುವಾಗ ಆಸ್ಪತ್ರೆಯ ತುರ್ತು ವಿಭಾಗ ಹೇಗಿದೆ ಎಂಬ ಪ್ರಶ್ನೆ ಎಷ್ಟು ಮಂದಿಯ ಮನಸ್ಸಿಗೆ ಬರುತ್ತದೆ, ಬರಬೇಕಾದುದು ಏಕೆ ಎಂಬುದೇ ಈ ಲೇಖನದ ವಿಷಯ.

ಆಯ್ಕೆಯ ವಾಸ್ತವ

ಮೊದಲಿಗೆ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ನಮ್ಮಲ್ಲಿ ಪಿಜಿ ಸೀಟಿನ ಆಯ್ಕೆ ಸ್ವತಂತ್ರ ಆಯ್ಕೆಯಲ್ಲ. ನೀಟ್-ಪಿಜಿ ಪರೀಕ್ಷೆಯ ರ‍್ಯಾಂಕ್ ಮೊದಲು ಮಾತನಾಡುತ್ತದೆ. ಅನಂತರ ವಿಷಯ, ಅಂದರೆ ಜನರಲ್ ಮೆಡಿಸಿನ್ನೋ ಶಸ್ತ್ರಚಿಕಿತ್ಸೆಯೋ ರೇಡಿಯಾಲಜಿಯೋ ಎಂಬುದು. ಬಳಿಕ ಶುಲ್ಕ, ಊರು, ಬಾಂಡ್ ಷರತ್ತು, ಶಿಷ್ಯವೇತನ. ಸರ್ಕಾರಿ ಕಾಲೇಜುಗಳ ಶೇ 50ರಷ್ಟು ಸೀಟುಗಳು ಅಖಿಲ ಭಾರತ ಕೋಟಾದಲ್ಲಿ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿಯ ಮೂಲಕ ಭರ್ತಿಯಾದರೆ, ರಾಜ್ಯದ ಪಾಲಿನ ಸೀಟುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಕೌನ್ಸೆಲಿಂಗ್ ನಡೆಸುತ್ತದೆ. ಎರಡೂ ಕಡೆ ಆಯ್ಕೆ ದಾಖಲಿಸಲು ಸಿಗುವುದು ಕೆಲವೇ ದಿನಗಳು. ಇಷ್ಟರ ನಡುವೆ ಆಸ್ಪತ್ರೆಯ ಕ್ಯಾಜುವಾಲ್ಟಿ ನೋಡಿಕೊಂಡು ಬರಲು ಯಾರಿಗೆ ವ್ಯವಧಾನ?

ಆದರೂ ಒಂದೇ ರ‍್ಯಾಂಕಿಗೆ, ಒಂದೇ ವಿಷಯದಲ್ಲಿ, ಹೆಚ್ಚುಕಡಿಮೆ ಒಂದೇ ಖರ್ಚಿನಲ್ಲಿ ಎರಡು ಮೂರು ಕಾಲೇಜುಗಳು ಎದುರಿಗಿರುವ ಸಂದರ್ಭ ಅಪರೂಪವೇನಲ್ಲ. ಹುಬ್ಬಳ್ಳಿ-ಧಾರವಾಡದ ಸುತ್ತಲೇ ನೋಡಿದರೆ ವಿದ್ಯಾನಗರದ ಸರ್ಕಾರಿ ಸಂಸ್ಥೆ, 2003ರಲ್ಲಿ ಆರಂಭವಾದ ಸತ್ತೂರಿನ ಎಸ್‌ಡಿಎಂ ವೈದ್ಯಕೀಯ ಕಾಲೇಜು, ತುಸು ದೂರದಲ್ಲಿ 1963ರಷ್ಟು ಹಳೆಯದಾದ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು, 2015ರಲ್ಲಿ ಆರಂಭವಾದ ಗದಗ ಮತ್ತು ಕೊಪ್ಪಳದ ಸರ್ಕಾರಿ ಕಾಲೇಜುಗಳು, 2016ರ ಕಾರವಾರ, 2022ರ ಹಾವೇರಿ ಹೀಗೆ ಸಾಲು ಬೆಳೆಯುತ್ತಲೇ ಇದೆ. ಕಾಲೇಜುಗಳ ಸಂಖ್ಯೆ ಹೆಚ್ಚಿದಂತೆ 'ಯಾವ ಸೀಟು' ಎಂಬ ಪ್ರಶ್ನೆಯ ಜೊತೆಗೆ 'ಯಾವ ಆಸ್ಪತ್ರೆಯ ಸೀಟು' ಎಂಬ ಪ್ರಶ್ನೆಗೂ ತೂಕ ಬರುತ್ತದೆ. ಅಂಥ ಹೊತ್ತಿನಲ್ಲಿ ಅಭ್ಯರ್ಥಿಗಳು ಸಾಮಾನ್ಯವಾಗಿ ಕೇಳುವುದು ಹಾಸಿಗೆಗಳ ಸಂಖ್ಯೆಯನ್ನು, ಕಾಲೇಜಿನ ಹೆಸರನ್ನು, ಹಾಸ್ಟೆಲಿನ ಸ್ಥಿತಿಯನ್ನು. ಹಾಸಿಗೆಗಳ ಸಂಖ್ಯೆ ಕಾಗದದ ಮೇಲೆ ಸಿಗುತ್ತದೆ. ತುರ್ತು ವಿಭಾಗದ ಸ್ಥಿತಿ ಸಿಗುವುದಿಲ್ಲ, ಹೋಗಿ ನೋಡಬೇಕು.

ಕ್ಯಾಜುವಾಲ್ಟಿಯಿಂದ ತುರ್ತು ಚಿಕಿತ್ಸಾ ವಿಭಾಗದವರೆಗೆ

ಕ್ಯಾಜುವಾಲ್ಟಿ ಎಂದರೆ ನಮ್ಮ ಹಳೆಯ ಆಸ್ಪತ್ರೆಗಳಲ್ಲಿ ಒಂದು ಕೋಣೆ, ಒಂದು ಮೇಜು, ಒಂದು ರಿಜಿಸ್ಟರ್. ಕರ್ತವ್ಯದ ಮೇಲಿರುವ ವೈದ್ಯಾಧಿಕಾರಿ ಪೊಲೀಸ್ ಪ್ರಕರಣವಾದರೆ ಎಂಎಲ್‌ಸಿ ಬರೆಯುವುದು, ಗಾಯಕ್ಕೆ ಪಟ್ಟಿ ಕಟ್ಟಿಸುವುದು, ರೋಗಿಯನ್ನು ಇಂಥ ವಾರ್ಡಿಗೆ ಎಂದು ಕಳುಹಿಸುವುದು. ಚಿಕಿತ್ಸೆ ಆರಂಭವಾಗುತ್ತಿದ್ದುದು ವಾರ್ಡಿನಲ್ಲಿ. ಈ ವ್ಯವಸ್ಥೆಯಲ್ಲಿ ಕ್ಯಾಜುವಾಲ್ಟಿಯು ಅಂಚೆ ಕಚೇರಿಯಂತೆ ವಿಂಗಡಣೆಯ ಸ್ಥಳವೇ ಹೊರತು ಚಿಕಿತ್ಸೆಯ ಸ್ಥಳವಲ್ಲ.

ಈ ಸ್ಥಿತಿ ಬದಲಾಗಲು ನ್ಯಾಯಾಲಯಗಳೂ ಕಾರಣ. ಅಪಘಾತದ ಗಾಯಾಳುವಿಗೆ ಪೊಲೀಸ್ ವಿಧಿವಿಧಾನಗಳಿಗೆ ಕಾಯದೆ ಮೊದಲು ಚಿಕಿತ್ಸೆ ನೀಡುವುದು ಸರ್ಕಾರಿ, ಖಾಸಗಿ ಎನ್ನದೆ ಪ್ರತಿಯೊಬ್ಬ ವೈದ್ಯನ ಕರ್ತವ್ಯವೆಂದು ಸುಪ್ರೀಂ ಕೋರ್ಟ್ 1989ರಲ್ಲಿ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿತು. 1992ರ ಜುಲೈನಲ್ಲಿ ಪಶ್ಚಿಮ ಬಂಗಾಳದಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಕೃಷಿ ಕಾರ್ಮಿಕ ಹಕೀಂ ಶೇಖ್ ಎಂಬವರನ್ನು ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆ ಹಾಸಿಗೆ ಇಲ್ಲ, ಸೌಕರ್ಯ ಇಲ್ಲ ಎಂದು ಹಿಂದಕ್ಕೆ ಕಳುಹಿಸಿತು. ಆತ ಕೊನೆಗೆ ಖಾಸಗಿ ಆಸ್ಪತ್ರೆ ಸೇರಬೇಕಾಯಿತು. 1996ರಲ್ಲಿ ಆ ಪ್ರಕರಣದ ತೀರ್ಪು ನೀಡಿದ ಸುಪ್ರೀಂ ಕೋರ್ಟ್, ಸಕಾಲದಲ್ಲಿ ತುರ್ತು ಚಿಕಿತ್ಸೆ ಕೊಡದಿರುವುದು ಜೀವಿಸುವ ಹಕ್ಕಿನ ಉಲ್ಲಂಘನೆ ಎಂದು ಸಾರಿತು.

ವೈದ್ಯಕೀಯ ಶಿಕ್ಷಣದಲ್ಲಿ ತುರ್ತು ವೈದ್ಯಶಾಸ್ತ್ರಕ್ಕೆ ಪ್ರತ್ಯೇಕ ಸ್ಥಾನ ದೊರೆತದ್ದು ಇನ್ನೂ ತಡವಾಗಿ. ಭಾರತೀಯ ವೈದ್ಯಕೀಯ ಮಂಡಳಿ ಅದನ್ನು ಸ್ನಾತಕೋತ್ತರ ವಿಷಯವೆಂದು ಮಾನ್ಯ ಮಾಡಿದ್ದು 2009ರಲ್ಲಿ. ಅಮೆರಿಕದ ಸಿನ್ಸಿನಾಟಿಯಲ್ಲಿ ಇದೇ ವಿಷಯದ ಮೊದಲ ರೆಸಿಡೆನ್ಸಿ 1970ರಲ್ಲಿಯೇ ಆರಂಭವಾಗಿತ್ತು. 2020ರ ನಿಯಮಾವಳಿಯಲ್ಲಿ ಪ್ರತಿ ವೈದ್ಯಕೀಯ ಕಾಲೇಜಿಗೂ ತುರ್ತು ಚಿಕಿತ್ಸಾ ವಿಭಾಗ ಕಡ್ಡಾಯ ಎನ್ನಲಾಯಿತು; 2023ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕರಡಿನಲ್ಲಿ ಕಡ್ಡಾಯ ವಿಭಾಗಗಳ ಪಟ್ಟಿಯಿಂದ ಅದರ ಹೆಸರು ಬಿಟ್ಟುಹೋಗಿ ತಜ್ಞರ ಆಕ್ಷೇಪಕ್ಕೆ ಗುರಿಯಾಯಿತು. ಮೂರು ವರ್ಷಗಳಲ್ಲಿ ಒಳಗೆ ಬಂದು ಹೊರಗೆ ಹೋಗುವ ವಿಭಾಗವನ್ನು ನಂಬಿ ಯಾರು ತಾನೆ ಹಣ ಹೂಡುತ್ತಾರೆ ಎಂದು ಕೇಳಿದರೆ ತಪ್ಪಲ್ಲ. ಪರಿಣಾಮವಾಗಿ ಇಂದು ರಾಜ್ಯದ ಬೋಧನಾ ಆಸ್ಪತ್ರೆಗಳಲ್ಲಿ ಎರಡು ಬಗೆಯ ತುರ್ತು ವಿಭಾಗಗಳನ್ನೂ ಕಾಣಬಹುದು. ಫಲಕ ಬದಲಾಗಿದ್ದರೂ ಒಳಗೆ ಹಳೆಯ ಮೇಜು-ರಿಜಿಸ್ಟರ್ ಉಳಿದಿರುವವು ಕೆಲವು. ನಿಜವಾಗಿಯೂ ಚಿಕಿತ್ಸೆ ನಡೆಯುವವು ಕೆಲವು. ಅಭ್ಯರ್ಥಿ ಗುರುತಿಸಬೇಕಾದುದು ಈ ವ್ಯತ್ಯಾಸವನ್ನು.

ಒಂದು ವಿಷದ ಪ್ರಕರಣದಿಂದ ಕಲಿಯುವುದೇನು?

ವ್ಯತ್ಯಾಸ ಏಕೆ ಮುಖ್ಯ ಎಂಬುದಕ್ಕೆ ಧಾರವಾಡ ಜಿಲ್ಲೆಯ ಹಳ್ಳಿಗಳಿಂದ ಬರುವ ಪ್ರಕರಣಗಳನ್ನೇ ನೋಡಬಹುದು. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರಿಭೂಮಿಯಲ್ಲಿ ಹತ್ತಿ, ಕಡಲೆ, ಮೆಣಸಿನಕಾಯಿಗೆ ಹೊಡೆಯುವ ಕೀಟನಾಶಕ ಮನೆಮನೆಯಲ್ಲಿ ಇರುತ್ತದೆ. ಸಾಲದಿಂದಲೋ ಸಂಸಾರದ ಜಗಳದಿಂದಲೋ ಅದನ್ನು ಕುಡಿದು ಬರುವವರು ಈ ಭಾಗದ ಆಸ್ಪತ್ರೆಗಳಿಗೆ ಹೊಸಬರಲ್ಲ. ಆರ್ಗನೋಫಾಸ್ಫರಸ್ ಜಾತಿಯ ಔಷಧ ದೇಹ ಸೇರಿದಾಗ ಬಾಯಲ್ಲಿ ನೊರೆ ಬರುತ್ತದೆ, ಶ್ವಾಸಕೋಶದಲ್ಲಿ ದ್ರವ ತುಂಬುತ್ತದೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳು ಸೋಲುತ್ತವೆ. ಇದಕ್ಕೆ ಕೊಡುವ ಅಟ್ರೋಪಿನ್ ದುಬಾರಿ ಔಷಧವಲ್ಲ. ಆದರೆ ಅದನ್ನು ಒಂದು ಚುಚ್ಚುಮದ್ದು ಕೊಟ್ಟು ಬಿಟ್ಟುಹೋಗುವಂತಿಲ್ಲ. ಕೆಲವು ನಿಮಿಷಗಳಿಗೊಮ್ಮೆ ಎದೆಗೆ ಸ್ಟೆತಸ್ಕೋಪ್ ಇಟ್ಟು, ನಾಡಿ ನೋಡಿ, ಎದೆಯ ಗೊರಗೊರ ಶಬ್ದ ಆರುವವರೆಗೆ ಪ್ರಮಾಣ ಏರಿಸುತ್ತ ಹೋಗಬೇಕು. ಉಸಿರು ಸೋಲುವ ಲಕ್ಷಣ ಕಂಡರೆ ಗಂಟಲಿಗೆ ಕೊಳವೆ ಇಳಿಸಬೇಕು.

ಇದನ್ನು ಪುಸ್ತಕದಿಂದ ಕಲಿಯಲಾಗದು. ಒಬ್ಬ ಪಿಜಿ ವೈದ್ಯ ಒಂದು ಗಂಟೆ ಒಂದೇ ಮಂಚದ ಬಳಿ ನಿಲ್ಲಬೇಕು, ಪಕ್ಕದಲ್ಲಿ ತಿಳಿದವರೊಬ್ಬರು ಇರಬೇಕು. ಒಬ್ಬನೇ ಇದ್ದು, ಅದೇ ಹೊತ್ತಿಗೆ ಇನ್ನೂ ಐದು ರೋಗಿಗಳು ಬಂದು, ರಕ್ತದ ಮಾದರಿಯನ್ನು ತಾನೇ ಪ್ರಯೋಗಾಲಯಕ್ಕೆ ಕೊಂಡೊಯ್ಯಬೇಕಾದರೆ ಆ ಒಂದು ಗಂಟೆ ಸಿಗುವುದೇ ಇಲ್ಲ. ರೋಗಿಗೂ ನಷ್ಟ, ಕಲಿಕೆಗೂ ನಷ್ಟ. ರಾತ್ರಿ ಪಾಳಿಯಲ್ಲಿ ಸ್ಟ್ರೆಚರ್ ತಳ್ಳಲು 'ಡಿ' ಗುಂಪಿನ ನೌಕರರು ಎಷ್ಟು ಮಂದಿ ಇದ್ದಾರೆ ಎಂಬುದು ಪಿಜಿ ಶಿಕ್ಷಣದ ಗುಣಮಟ್ಟದ ಪ್ರಶ್ನೆ ಎಂದರೆ ನಗಬೇಕಾಗಿಲ್ಲ.

ಹಾವಿನ ಕಡಿತವೂ ಹಾಗೆಯೇ. ಕೊಳಕುಮಂಡಲ ಕಚ್ಚಿದ್ದರೆ ರಕ್ತ ಹೆಪ್ಪುಗಟ್ಟುವ ಶಕ್ತಿ ಕಳೆದುಕೊಳ್ಳುತ್ತದೆ. ಅದನ್ನು ಪತ್ತೆಹಚ್ಚಲು ದೊಡ್ಡ ಯಂತ್ರ ಬೇಡ. ಒಣಗಿದ ಶುಭ್ರ ಗಾಜಿನ ಕೊಳವೆಯಲ್ಲಿ ರಕ್ತ ತೆಗೆದು 20 ನಿಮಿಷ ಅಲುಗಾಡಿಸದೆ ಇಟ್ಟು ನೋಡಿದರೆ ಸಾಕು. ನಾಗರಹಾವು, ಕಟ್ಟುಹಾವುಗಳ ವಿಷ ನರಗಳಿಗೆ ಏರಿದರೆ ರೆಪ್ಪೆ ಇಳಿಬೀಳುವುದೇ ಮೊದಲ ಸೂಚನೆ, ಮುಂದಿನದು ಉಸಿರಾಟ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಪ್ರಕರಣವೆಂದು ಘೋಷಿಸಿದೆ. ಈ ಪ್ರಕರಣಗಳು ದಿನನಿತ್ಯ ಬರುವ, ವಿಷಹಾರಿ ಔಷಧ ತುರ್ತು ವಿಭಾಗದಲ್ಲಿಯೇ ದಾಸ್ತಾನು ಇರುವ, ವೆಂಟಿಲೇಟರ್ ಕೈಗೆಟಕುವಷ್ಟು ಹತ್ತಿರವಿರುವ ಆಸ್ಪತ್ರೆಯಲ್ಲಿ ಮೂರು ವರ್ಷ ಕಳೆದ ಮೆಡಿಸಿನ್ ಪಿಜಿಗೆ ದೊರೆಯುವ ಧೈರ್ಯವೇ ಬೇರೆ.

ಒಮ್ಮೆಗೇ ಹಲವರು ಬಂದಾಗ

ಹುಬ್ಬಳ್ಳಿ-ಧಾರವಾಡ ಅವಳಿ ನಗರ ದೊಡ್ಡ ದುರಂತಗಳನ್ನು ಕಂಡಿದೆ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಬಹುಮಹಡಿ ಕಟ್ಟಡ ಕುಸಿದು 19 ಮಂದಿ ಸತ್ತರು. ಅವಶೇಷಗಳ ಅಡಿಯಿಂದ ಜನರನ್ನು ಹೊರತೆಗೆಯುವ ಕಾರ್ಯ ಹಲವು ದಿನ ನಡೆಯಿತು. 2021ರ ಜನವರಿ 15ರ ಮುಂಜಾನೆ ಗೋವಾಕ್ಕೆ ಹೊರಟಿದ್ದ ದಾವಣಗೆರೆಯ ಗೆಳತಿಯರ ವಾಹನ ಇಟಿಗಟ್ಟಿ ಬಳಿ ಬೈಪಾಸ್ ರಸ್ತೆಯಲ್ಲಿ ಟಿಪ್ಪರ್‌ಗೆ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಎರಡೂ ಬದಿಯಿಂದ ಅಗಲವಾಗಿ ಬಂದ ಹೆದ್ದಾರಿ ನಡುವೆ ಕಿರಿದಾಗುತ್ತಿದ್ದ ಆ ರಸ್ತೆಯ ವಿಸ್ತರಣೆಯ ಕೂಗು ಆ ನಂತರ ಬಲವಾಯಿತು. 2022ರ ಮೇ ತಿಂಗಳಲ್ಲಿ ಧಾರವಾಡ ತಾಲ್ಲೂಕಿನ ಬಾಡ ಗ್ರಾಮದ ಬಳಿ ಮದುವೆ ಸಮಾರಂಭಕ್ಕೆ ಸಂಬಂಧಿಸಿದವರಿದ್ದ ವಾಹನ ಮರಕ್ಕೆ ಬಡಿದು ಒಂಬತ್ತು ಮಂದಿ ಸತ್ತರು.

ಇಂಥ ಸುದ್ದಿಗೆ ಓಡುವ ವರದಿಗಾರರು ಮೊದಲು ಕೇಳುವುದು ಮೃತರ ಸಂಖ್ಯೆಯನ್ನು. ಆಸ್ಪತ್ರೆಯೊಳಗೆ ಆ ಹೊತ್ತಿಗೆ ನಡೆದಿರುವ ಎಣಿಕೆ ಬೇರೆಯದು: ಯಾರನ್ನು ಮೊದಲು ನೋಡಬೇಕು? ಜೋರಾಗಿ ಅರಚುವವನಿಗಿಂತ ಸುಮ್ಮನೆ ಮಲಗಿದವನ ಸ್ಥಿತಿ ಗಂಭೀರವಾಗಿರಬಹುದು. ಈ ವಿಂಗಡಣೆಗೆ ಟ್ರಯಾಜ್ ಎಂದು ಹೆಸರು. ತಕ್ಷಣ ನೋಡಬೇಕಾದವರಿಗೆ ಕೆಂಪು, ತುಸು ಕಾಯಬಲ್ಲವರಿಗೆ ಹಳದಿ, ನಡೆದಾಡಬಲ್ಲವರಿಗೆ ಹಸಿರು, ಮೃತರಿಗೆ ಕಪ್ಪು. ಬಣ್ಣದ ಗೆರೆಗಳನ್ನು ನೆಲದ ಮೇಲೆ ಎಳೆದುಬಿಡುವುದು ಸುಲಭ. ಬಾಗಿಲಲ್ಲಿ ತರಬೇತಾದ ದಾದಿಯೊಬ್ಬರು ಇಪ್ಪತ್ತನಾಲ್ಕು ಗಂಟೆಯೂ ನಿಂತು ಆ ಗೆರೆಗಳಿಗೆ ಅರ್ಥ ಕೊಡುತ್ತಾರೆಯೇ ಎಂಬುದು ನೋಡತಕ್ಕ ಸಂಗತಿ.

ಸುತ್ತಲಿನ ಹಲವು ಜಿಲ್ಲೆಗಳ ರೋಗಿಗಳು ಒಂದೇ ಕಡೆ ಬಂದು ಸೇರುವ ಸರ್ಕಾರಿ ಬೋಧನಾ ಆಸ್ಪತ್ರೆಯಲ್ಲಿ ಕೆಲಸ ಮಾಡಿದ ವೈದ್ಯ ಏನನ್ನೂ ನೋಡಿಲ್ಲ ಎನ್ನುವಂತಿಲ್ಲ. ಆದ್ದರಿಂದಲೇ 'ರೋಗಿಗಳು ಹೆಚ್ಚಿದ್ದಲ್ಲಿ ಕಲಿಕೆ ಹೆಚ್ಚು' ಎಂಬ ಮಾತು ವೈದ್ಯ ವಿದ್ಯಾರ್ಥಿಗಳ ನಡುವೆ ಗಾದೆಯಂತೆ ಚಲಾವಣೆಯಲ್ಲಿದೆ. ಅದು ಅರ್ಧ ಮಾತ್ರ ನಿಜ. ಸಾವಿರ ರೋಗಿಗಳನ್ನು ನೋಡಿಯೂ ಒಬ್ಬರಿಗೂ ತಾನೇ ಕೊಳವೆ ಇಳಿಸದ, ತಾನು ದಾಖಲಿಸಿದ ರೋಗಿ ಮರುದಿನ ಏನಾದ ಎಂದು ತಿಳಿಯದ ಪಿಜಿ ವೈದ್ಯ ಕಲಿಯುವುದು ಒಂದನ್ನೇ: ಬೇಗ ಬೇಗ ಮುಂದಕ್ಕೆ ಕಳುಹಿಸುವುದನ್ನು. ಇನ್ನೊಂದೆಡೆ, ಹೊಳೆಯುವ ಉಪಕರಣಗಳಿದ್ದು ರೋಗಿಗಳೇ ವಿರಳವಾಗಿರುವ, ಇದ್ದರೂ ಪಿಜಿಯ ಕೈಗೆ ಏನನ್ನೂ ಬಿಡದ ಆಸ್ಪತ್ರೆಯೂ ಅಷ್ಟೇ ನಿಷ್ಫಲ. ರೋಗಿಗಳ ಸಂಖ್ಯೆಯನ್ನು ಆ ರಾತ್ರಿಯ ವೈದ್ಯರ ಮತ್ತು ದಾದಿಯರ ಸಂಖ್ಯೆಯೊಂದಿಗೆ ಇಟ್ಟು ನೋಡಿದಾಗ ಮಾತ್ರ ಅದಕ್ಕೆ ಅರ್ಥ.

ಹಗಲು ಹನ್ನೊಂದಕ್ಕಲ್ಲ, ರಾತ್ರಿ ಹನ್ನೊಂದಕ್ಕೆ ಹೋಗಿ

ಆಸ್ಪತ್ರೆ ನೋಡಲು ಹೋಗುವ ಅಭ್ಯರ್ಥಿಗಳು ಹೆಚ್ಚಾಗಿ ಹೋಗುವುದು ಬೆಳಿಗ್ಗೆ. ಆಗ ಎಲ್ಲ ಆಸ್ಪತ್ರೆಗಳೂ ಚೆನ್ನಾಗಿಯೇ ಕಾಣುತ್ತವೆ. ರಾತ್ರಿ ಊಟದ ಹೊತ್ತು ಮುಗಿದ ಮೇಲೆ, ಸಾಧ್ಯವಾದರೆ ಪರಿಚಯದ ಎರಡನೆಯ ವರ್ಷದ ಪಿಜಿಯೊಬ್ಬರೊಂದಿಗೆ ಹೋಗುವುದು ಒಳ್ಳೆಯದು. ಎರಡನೆಯ ವರ್ಷದವರೇ ಏಕೆ? ಮೊದಲ ವರ್ಷದವರು ದಣಿದು ಎಲ್ಲವನ್ನೂ ದೂರುತ್ತಾರೆ, ಮೂರನೆಯ ವರ್ಷದವರು ಪರೀಕ್ಷೆಯ ಚಿಂತೆಯಲ್ಲಿ ಎಲ್ಲವನ್ನೂ ಮರೆತಿರುತ್ತಾರೆ.

ಅಲ್ಲಿ ಗಮನಿಸಬೇಕಾದ ಸಂಗತಿಗಳು ಬಹಳವಿದ್ದರೂ ಕೆಲವು ಉಳಿದವುಗಳಿಗಿಂತ ಹೆಚ್ಚು ಹೇಳುತ್ತವೆ. ಸಿಟಿ ಸ್ಕ್ಯಾನ್ ಯಂತ್ರ ಎಲ್ಲಿದೆ ಎಂಬುದು ಅವುಗಳಲ್ಲಿ ಮೊದಲನೆಯದು. ಪಾರ್ಶ್ವವಾಯು ಬಡಿದವನಿಗೆ ಹೆಪ್ಪು ಕರಗಿಸುವ ಔಷಧ ಕೊಡಲು ಇರುವ ಅವಧಿ ಲಕ್ಷಣ ಕಂಡಂದಿನಿಂದ ನಾಲ್ಕೂವರೆ ಗಂಟೆ; ಮೆದುಳಿನಲ್ಲಿ ರಕ್ತಸ್ರಾವವಾಗಿಲ್ಲ ಎಂದು ಸ್ಕ್ಯಾನ್ ಹೇಳದ ಹೊರತು ಔಷಧ ಕೊಡುವಂತಿಲ್ಲ. ಹಳ್ಳಿಯಿಂದ ಬರುವಷ್ಟರಲ್ಲಿ ಎರಡು ಮೂರು ಗಂಟೆ ಕಳೆದಿರುತ್ತದೆ. ಯಂತ್ರ ಬೇರೆ ಕಟ್ಟಡದಲ್ಲಿದ್ದು, ಅದರ ತಂತ್ರಜ್ಞನನ್ನು ಮನೆಯಿಂದ ಕರೆಸಬೇಕಾದರೆ ಆ ಚಿಕಿತ್ಸೆ ಪಠ್ಯಪುಸ್ತಕದಲ್ಲಿಯೇ ಉಳಿಯುತ್ತದೆ. ಎದೆನೋವಿನ ರೋಗಿಗೆ ಬಂದ ಹತ್ತು ನಿಮಿಷದಲ್ಲಿ ಇಸಿಜಿ ಆಗಬೇಕೆಂಬುದು ಲೋಕಮಾನ್ಯ ನಿಯಮ. ಇಸಿಜಿ ಯಂತ್ರಕ್ಕೆ ಕಾಗದ ಇದೆಯೇ ಎಂದು ಕೇಳುವುದು ಕ್ಷುಲ್ಲಕವೆನಿಸಬಹುದು, ಆದರೆ ಕೇಳಿ ನೋಡಿ.

ರಕ್ತನಿಧಿ ರಾತ್ರಿ ತೆರೆದಿರುತ್ತದೆಯೇ, ರಕ್ತದ ಅನಿಲ ಪರೀಕ್ಷೆಯ ಯಂತ್ರ ವಿಭಾಗದೊಳಗೇ ಇದೆಯೇ, ಹೊಟ್ಟೆಯೊಳಗಿನ ರಕ್ತಸ್ರಾವ ನೋಡಲು ಮಂಚದ ಬಳಿಗೇ ತರಬಲ್ಲ ಅಲ್ಟ್ರಾಸೌಂಡ್ ಇದೆಯೇ ಮತ್ತು ಅದನ್ನು ಬಳಸಲು ಪಿಜಿಗಳಿಗೆ ಕಲಿಸುತ್ತಾರೆಯೇ ಎಂಬುವು ಅನಂತರದ ಪ್ರಶ್ನೆಗಳು. ತುರ್ತು ಶಸ್ತ್ರಚಿಕಿತ್ಸಾ ಕೊಠಡಿ ಯಾವ ಮಹಡಿಯಲ್ಲಿದೆ, ಲಿಫ್ಟ್ ಕೆಲಸ ಮಾಡುತ್ತದೆಯೇ ಎಂಬುದನ್ನೂ ಕಣ್ಣಾರೆ ನೋಡಬಹುದು.

ಕಟ್ಟಡಕ್ಕಿಂತ ಮುಖ್ಯವಾದುದು ಮನುಷ್ಯರು. ಆ ಹೊತ್ತಿನಲ್ಲಿ ಅಲ್ಲಿರುವ ಹಿರಿಯ ವೈದ್ಯರು ಯಾರು? ಸಹಾಯಕ ಪ್ರಾಧ್ಯಾಪಕರು ಆವರಣದಲ್ಲಿಯೇ ಇದ್ದಾರೆಯೇ, ದೂರವಾಣಿಯಲ್ಲಿ ಮಾತ್ರವೇ? ವಾರ್ಡಿನಲ್ಲಿ ಹಾಸಿಗೆ ಖಾಲಿಯಾಗದೆ ತುರ್ತು ವಿಭಾಗದಲ್ಲಿಯೇ ದಿನಗಟ್ಟಲೆ ಉಳಿದಿರುವ ರೋಗಿಗಳು ಎಷ್ಟು? ಈ ಕೊನೆಯ ಪ್ರಶ್ನೆ ಎಲ್ಲ ಕಡೆಯದೂ ಹೌದು. ಅಮೆರಿಕದಲ್ಲಿ 2023ರ ಹಂಚಿಕೆಯಲ್ಲಿ ತುರ್ತು ವೈದ್ಯಶಾಸ್ತ್ರದ ಐನೂರೈವತ್ತಕ್ಕೂ ಹೆಚ್ಚು ಸ್ಥಾನಗಳು ಮೊದಲ ಸುತ್ತಿನಲ್ಲಿ ತುಂಬದೆ ಉಳಿದಾಗ, ಮುಂದೆ ಉದ್ಯೋಗ ಸಿಗದೆಂಬ ಆತಂಕದೊಂದಿಗೆ ವಾರ್ಡಿಗೆ ಹೋಗಲಾಗದ ರೋಗಿಗಳಿಂದ ಕಿಕ್ಕಿರಿದ ವಿಭಾಗಗಳನ್ನೂ ಕಾರಣವೆಂದು ಅಲ್ಲಿನವರು ಗುರುತಿಸಿದರು. ಸೌಕರ್ಯ ನೋಡಿ ಯುವ ವೈದ್ಯರು ಹಿಂದೆ ಸರಿಯುವುದು ನಮ್ಮ ನಾಡಿಗೆ ಮಾತ್ರ ಸೀಮಿತವಲ್ಲ.

ಯಾವ ವಿಷಯದವರಿಗೆ ಎಷ್ಟು?

ತುರ್ತು ವೈದ್ಯಶಾಸ್ತ್ರವನ್ನೇ ಎಂ.ಡಿ. ವಿಷಯವಾಗಿ ಆರಿಸಿಕೊಳ್ಳುವವರಿಗೆ ಇವೆಲ್ಲ ಹೇಳಬೇಕಾಗಿಯೇ ಇಲ್ಲ. ಅವರಿಗೆ ಆ ವಿಭಾಗವೇ ತರಗತಿ. ಮೆಡಿಸಿನ್, ಶಸ್ತ್ರಚಿಕಿತ್ಸೆ, ಮೂಳೆ, ಮಕ್ಕಳ ವಿಭಾಗ ಮತ್ತು ಅರಿವಳಿಕೆ ವಿಷಯದವರಿಗೆ ಅದು ಅರ್ಧ ತರಗತಿ. ರೇಡಿಯಾಲಜಿಯವರಿಗೂ ರಾತ್ರಿಯ ಸ್ಕ್ಯಾನ್‌ಗಳನ್ನು ಓದುವುದರಲ್ಲಿಯೇ ಹೆಚ್ಚಿನ ಕಲಿಕೆ. ಚರ್ಮರೋಗದವರು ಈ ಲೇಖನವನ್ನು ಇಲ್ಲಿಗೇ ಬಿಡಬಹುದು.

ಇಲ್ಲೊಂದು ತೊಡಕೂ ಇದೆ. ತುರ್ತು ವೈದ್ಯಶಾಸ್ತ್ರ ವಿಭಾಗ ಬಲವಾಗಿರುವ ಆಸ್ಪತ್ರೆಯಲ್ಲಿ ಕೊಳವೆ ಇಳಿಸುವುದು, ಎದೆಗೂಡಿನಿಂದ ರಕ್ತ ಬಸಿಯುವುದು ಮೊದಲಾದ ಕೆಲಸಗಳನ್ನು ಆ ವಿಭಾಗದ ಪಿಜಿಗಳೇ ಮುಗಿಸಿಬಿಡುತ್ತಾರೆ. ಮೆಡಿಸಿನ್ ಅಥವಾ ಶಸ್ತ್ರಚಿಕಿತ್ಸೆಯ ಪಿಜಿ ಕೆಳಗೆ ಬರುವಷ್ಟರಲ್ಲಿ ರೋಗಿ ಸ್ಥಿರವಾಗಿರುತ್ತಾನೆ. ರೋಗಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಶಸ್ತ್ರಚಿಕಿತ್ಸೆಯ ಪಿಜಿಗೆ ಮಾತ್ರ ಕೈಗೆಲಸ ಕಡಿಮೆ. ಅಂಥಲ್ಲಿ ಬೇರೆ ವಿಷಯದವರಿಗೆ ತುರ್ತು ವಿಭಾಗದಲ್ಲಿ ಸರದಿಯ ಕರ್ತವ್ಯ ಉಂಟೇ ಎಂದು ವಿಚಾರಿಸಬೇಕು. ಸತ್ತ ರೋಗಿಗಳ ಪ್ರಕರಣಗಳನ್ನು ವಾರಕ್ಕೋ ತಿಂಗಳಿಗೋ ಒಮ್ಮೆ ಎಲ್ಲ ವಿಭಾಗದವರೂ ಕುಳಿತು ಪರಿಶೀಲಿಸುವ ಪದ್ಧತಿ ಇದೆಯೇ ಎಂಬುದೂ ಇದರೊಂದಿಗೆ ಕೇಳತಕ್ಕ ಮಾತು. ತಪ್ಪು ಎಲ್ಲಿ ಆಯಿತು ಎಂದು ಬಾಯಿಬಿಟ್ಟು ಮಾತನಾಡುವ ಆಸ್ಪತ್ರೆ ಕಲಿಸುವ ಆಸ್ಪತ್ರೆ.

ಭಾಷೆ, ಭದ್ರತೆ, ನಿದ್ದೆ

ಸೌಕರ್ಯವೆಂದರೆ ಯಂತ್ರ ಮಾತ್ರವಲ್ಲ. ಪಿಜಿ ವೈದ್ಯಕೀಯ ಸೀಟುಗಳಲ್ಲಿ ರಾಜ್ಯದ ನಿವಾಸಿಗಳೆಂಬ ಆಧಾರದ ಮೀಸಲಾತಿ ಸಲ್ಲದೆಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ತೀರ್ಪು ನೀಡಿದೆ. ಅಖಿಲ ಭಾರತ ಕೋಟಾದಲ್ಲಿ ಹೊರರಾಜ್ಯದವರು ಬರುವುದು ಮೊದಲಿನಿಂದಲೂ ಇದ್ದದ್ದೇ. ಅವರ ಅರ್ಹತೆಯ ಬಗ್ಗೆ ಪ್ರಶ್ನೆಯಿಲ್ಲ. ಆದರೆ ಬೆಂಗಳೂರಿನ ಕನ್ನಡವನ್ನೇ ಕಷ್ಟಪಟ್ಟು ಕಲಿತವರಿಗೆ 'ಎದಿ ಬಿಗದಾಂಗ ಆಗೇತ್ರಿ', 'ಕೈಕಾಲು ಸೆಳೀತಾವ್ರಿ' ಎಂಬ ಮಾತು ಹೊಳೆಯುವುದು ಹೇಗೆ? ತುರ್ತು ವಿಭಾಗದಲ್ಲಿ ಅನುವಾದಕ್ಕೆ ಕಾಯುವ ಪುರುಸೊತ್ತು ಇರುವುದಿಲ್ಲ. ಅನೇಕ ಕಡೆ ಈ ಸೇತುವೆಯ ಕೆಲಸ ಮಾಡುವವರು ಸ್ಥಳೀಯ ದಾದಿಯರು. ಹೊರಗಿನಿಂದ ಬರುವ ಅಭ್ಯರ್ಥಿ ಅಂಥವರು ಎಷ್ಟು ಮಂದಿ ಇದ್ದಾರೆಂದು ನೋಡಿಕೊಳ್ಳುವುದು ಜಾಣತನ.

ಭದ್ರತೆಯ ಪ್ರಶ್ನೆ 2024ರ ಆಗಸ್ಟ್ 9ರ ಬಳಿಕ ಮೊದಲಿನಂತೆ ಉಳಿದಿಲ್ಲ. ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ದೀರ್ಘ ಪಾಳಿಯ ನಡುವೆ ವಿಶ್ರಾಂತಿಗೆಂದು ಸೆಮಿನಾರ್ ಕೊಠಡಿಯಲ್ಲಿ ಮಲಗಿದ್ದ ಪಿಜಿ ವೈದ್ಯೆಯ ಮೇಲೆ ಅತ್ಯಾಚಾರವೆಸಗಿ ಕೊಲ್ಲಲಾಯಿತು. ಕರ್ನಾಟಕದಲ್ಲಿ ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು 2009ರಿಂದಲೇ ಕಾಯ್ದೆ ಇದೆ. ಕಾಯ್ದೆ ಗೋಡೆಯ ಫಲಕದಲ್ಲಿದ್ದರೆ ಸಾಲದು. ಒಳಗಿನಿಂದ ಚಿಲಕವಿರುವ ವಿಶ್ರಾಂತಿ ಕೋಣೆ ಮಹಿಳೆಯರಿಗೆ ಪ್ರತ್ಯೇಕವಾಗಿ ಇದೆಯೇ? ರೋಗಿ ಸತ್ತಾಗ ಗುಂಪುಗೂಡುವ ಸಂಬಂಧಿಕರನ್ನು ತಡೆಯಲು ಬಾಗಿಲಲ್ಲಿ ಎಷ್ಟು ಕಾವಲುಗಾರರಿದ್ದಾರೆ? ಮಗಳ ಸೀಟಿನ ವಿಚಾರದಲ್ಲಿ ತಂದೆತಾಯಿ ಈಗ ಇವನ್ನೇ ಮೊದಲು ಕೇಳಿದರೆ ಆಶ್ಚರ್ಯವಿಲ್ಲ.

ಕೆಲಸದ ಅವಧಿಯ ವಿಷಯದಲ್ಲಿ ಕಾಗದಕ್ಕೂ ವಾಸ್ತವಕ್ಕೂ ಅಜಗಜಾಂತರ. ಕೇಂದ್ರ ಸರ್ಕಾರದ 1992ರ ಆದೇಶದ ಪ್ರಕಾರ ರೆಸಿಡೆಂಟ್ ವೈದ್ಯರ ನಿರಂತರ ಕರ್ತವ್ಯ ಸಾಮಾನ್ಯವಾಗಿ ದಿನಕ್ಕೆ 12 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದು. ಮೂರು ದಶಕದ ಬಳಿಕ, 2024ರಲ್ಲಿ, ವೈದ್ಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ ಕುರಿತ ರಾಷ್ಟ್ರೀಯ ಕಾರ್ಯಪಡೆ ವಾರಕ್ಕೆ 74 ಗಂಟೆ ಮೀರದಿರಲಿ ಎಂದು ಶಿಫಾರಸು ಮಾಡಿತು. ಆದೇಶಕ್ಕಿಂತ ಶಿಫಾರಸೇ ಹೆಚ್ಚು ಗಂಟೆ ಕೇಳುವಂತಾದದ್ದು ನಡುವಿನ ಸ್ಥಿತಿ ಏನಿತ್ತೆಂಬುದನ್ನು ತಿಳಿಸುತ್ತದೆ. ಪಾಳಿಯ ಪಟ್ಟಿಯನ್ನು ವಿಭಾಗದ ಸೂಚನಾ ಫಲಕದ ಮೇಲೆಯೇ ಹಚ್ಚಿರುತ್ತಾರೆ. ಒಂದೇ ಹೆಸರು ಸತತ ಎರಡು ರಾತ್ರಿ ಕಂಡರೆ ಬೇರೆ ಯಾರನ್ನೂ ಕೇಳಬೇಕಾಗಿಲ್ಲ.

ಮೂರು ವರ್ಷದ ಬಳಿಕ

ಪಿಜಿ ವ್ಯಾಸಂಗದ ನಡುವೆಯೇ ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕೆಂಬ ಜಿಲ್ಲಾ ರೆಸಿಡೆನ್ಸಿ ಯೋಜನೆ 2021ರ ತಂಡದಿಂದ ಜಾರಿಯಲ್ಲಿದೆ. ಇದಲ್ಲದೆ 2012ರ ಕರ್ನಾಟಕ ಕಡ್ಡಾಯ ಸೇವಾ ಕಾಯ್ದೆಯಡಿ, ಅನಂತರದ ತಿದ್ದುಪಡಿಗಳಂತೆ ಖಾಲಿ ಹುದ್ದೆಗಳ ಅಗತ್ಯವಿದ್ದಷ್ಟರ ಮಟ್ಟಿಗೆ, ವ್ಯಾಸಂಗ ಮುಗಿಸಿದವರು ಒಂದು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸಬೇಕು. ನೇಮಕದ ಪಟ್ಟಿಯಲ್ಲಿ ಬರುವ ಹೆಸರು ಕಲಘಟಗಿಯೂ ಆಗಿರಬಹುದು, ನವಲಗುಂದ, ಕುಂದಗೋಳ, ಅಣ್ಣಿಗೇರಿಯೂ ಆಗಿರಬಹುದು.

ಅಲ್ಲಿ ಹಿರಿಯ ಸಹೋದ್ಯೋಗಿಗಳ ತಂಡವಿರುವುದಿಲ್ಲ. ರಾತ್ರಿ ಪಾಳಿಗೆ ಬಹುತೇಕ ಒಬ್ಬರೇ. ಹಾವು ಕಚ್ಚಿದವನನ್ನು ದುಮ್ಮವಾಡದಿಂದ ಕರೆತಂದಾಗ ಆ ವೈದ್ಯರ ಎದುರಿಗಿರುವುದು ವಿಷಹಾರಿ ಔಷಧದ ಕೆಲವು ಸೀಸೆ, ಆಮ್ಲಜನಕ, ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್, ಗಾಜಿನ ಕೊಳವೆ, ಮತ್ತು 2008ರ ನವೆಂಬರ್‌ನಿಂದ ರಾಜ್ಯದಲ್ಲಿ ಓಡುತ್ತಿರುವ 108 ವಾಹನ. ರಕ್ತ ತೆಗೆದು ಇಪ್ಪತ್ತು ನಿಮಿಷ ಕಾಯಬೇಕೆ, ಅಷ್ಟರಲ್ಲಿ ಮೊದಲ ಹತ್ತು ಸೀಸೆ ಕೊಟ್ಟುಬಿಡಬೇಕೆ, ರೆಪ್ಪೆ ಇಳಿದಿದೆ ಎಂದು ಗಂಟಲಿಗೆ ಕೊಳವೆ ಇಳಿಸಿಯೇ ವಾಹನ ಹತ್ತಿಸಬೇಕೆ, ಅಥವಾ ಮುಟ್ಟದೆ 'ಹುಬ್ಬಳ್ಳಿಗೆ ಒಯ್ಯಿರಿ' ಎಂದು ಚೀಟಿ ಬರೆಯಬೇಕೆ ಎಂಬುದನ್ನು ಅವರು ಎರಡು ನಿಮಿಷದಲ್ಲಿ ನಿರ್ಧರಿಸಬೇಕಾಗುತ್ತದೆ.